ಗ್ರೀಕ್ ಬಟ್ಟಲಿನ ಮೇಲಿನ ಪುರಾಣ: ಯಾರು, ಯಾವ ಕಥೆ ಎಂದು ಗುರುತಿಸುವುದು ಹೇಗೆ?

ಗ್ರೀಕರ ಮಣ್ಣಿನ ಪಾತ್ರೆಗಳ ಬಗ್ಗೆ ಬರೆದಾಗಲೆಲ್ಲ ಓದುಗರು ಕೇಳುವುದು ಒಂದೇ ಪ್ರಶ್ನೆ. "ಚಿತ್ರ ಚೆನ್ನಾಗಿದೆ. ಆದರೆ ಇವರೆಲ್ಲ ಯಾರು? ಇದು ಇಂಥದ್ದೇ ಕಥೆ ಅಂತ ಹೇಗೆ ಹೇಳುತ್ತೀರಿ?" ವಿದೇಶದ ಮ್ಯೂಸಿಯಂಗಳಿಗೆ ಹೋಗಿಬಂದ ಕೆಲವರು, ಗಾಜಿನ ಪೆಟ್ಟಿಗೆಯ ಮುಂದೆ ಎರಡು ನಿಮಿಷ ನಿಂತು ಪಕ್ಕದ ಚೀಟಿ ಓದಿ ಮುಂದೆ ಹೋಗಿಬಿಟ್ಟೆವು ಎಂದು ಬೇಸರಪಟ್ಟುಕೊಂಡಿದ್ದಾರೆ.

ಇದು ಕಲಿಯಬಹುದಾದ ವಿದ್ಯೆ. ಗ್ರೀಕ್ ಭಾಷೆ ಬರಬೇಕೆಂದಿಲ್ಲ. ಏನನ್ನು ಮೊದಲು ನೋಡಬೇಕು, ಏನನ್ನು ಆಮೇಲೆ ನೋಡಬೇಕು ಅನ್ನುವುದು ಗೊತ್ತಿದ್ದರೆ ಸಾಕು. ಇಲ್ಲಿ ವೈನ್ ಕುಡಿಯುವ ಬಟ್ಟಲುಗಳನ್ನಷ್ಟೇ ತೆಗೆದುಕೊಂಡಿದ್ದೇನೆ, ಅದರಲ್ಲೂ ಕ್ರಿ.ಪೂ. 6 ಮತ್ತು 5ನೇ ಶತಮಾನದಲ್ಲಿ ಅಥೆನ್ಸಿನ ಕುಂಬಾರರು ಮಾಡಿದವನ್ನು. ದೊಡ್ಡ ಹೂಜಿ ಇದ್ದಲ್ಲೇ ಇರುತ್ತದೆ, ಬಟ್ಟಲು ಹಾಗಲ್ಲ. ಅದು ಕೈಯಲ್ಲಿ ತಿರುಗುತ್ತದೆ, ತುಟಿಗೆ ಹೋಗುತ್ತದೆ, ತುಂಬುತ್ತದೆ, ಖಾಲಿಯಾಗುತ್ತದೆ. ಅದರ ಮೇಲಿನ ಚಿತ್ರವನ್ನೂ ಹಾಗೇ ಓದಬೇಕು.

ಎರಡು ಪದ ಮೊದಲೇ ತಿಳಿದಿರಲಿ. ಈ ಬಟ್ಟಲಿನ ಹೆಸರು ಕೈಲಿಕ್ಸ್. ಅಗಲವಾದ, ಆಳವಿಲ್ಲದ ಬಟ್ಟಲು, ಕೆಳಗೆ ಕಾಂಡದಂಥ ಕಾಲು, ಅಕ್ಕಪಕ್ಕ ಎರಡು ಹಿಡಿಕೆ. ಬಟ್ಟಲಿನ ಒಳಗೆ, ತಳದ ನಡುವೆ ಒಂದು ದುಂಡನೆಯ ಚಿತ್ರ ಇರುತ್ತದೆ, ಅದಕ್ಕೆ ಟಾಂಡೊ ಅನ್ನುತ್ತಾರೆ. ಹೊರಮೈಯ ಚಿತ್ರಗಳನ್ನು ಹಿಡಿಕೆಗಳು ಎರಡು ಭಾಗ ಮಾಡುತ್ತವೆ. ಅಂದರೆ ಒಂದು ಬಟ್ಟಲಿನಲ್ಲಿ ಸಾಮಾನ್ಯವಾಗಿ ಮೂರು ಚಿತ್ರ: ಒಳಗೊಂದು, ಹೊರಗೆರಡು.

ಏನೇನು ಬೇಕು?

ಒಳ್ಳೆಯ ಫೋಟೊಗಳು ಬೇಕು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ಪ್ಯಾರಿಸ್ಸಿನ ಲೂವ್ರ್, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತಮ್ಮ ಸಂಗ್ರಹವನ್ನು ಜಾಲತಾಣದಲ್ಲಿ ಇಟ್ಟಿವೆ. ಆಕ್ಸ್‌ಫರ್ಡಿನ ಬೀಜ್ಲಿ ಆರ್ಕೈವ್‌ನಲ್ಲಿ ಲಕ್ಷಕ್ಕೂ ಜಾಸ್ತಿ ಗ್ರೀಕ್ ಪಾತ್ರೆಗಳ ವಿವರ ಸಿಗುತ್ತದೆ. ಪ್ರತಿ ಬಟ್ಟಲಿಗೂ ಮ್ಯೂಸಿಯಂ ಒಂದು ಸಂಖ್ಯೆ ಕೊಟ್ಟಿರುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. "ಅಕಿಲೀಸ್ ಬಟ್ಟಲು" ಅಂತ ಹುಡುಕಿದರೆ ನೂರು ಬರುತ್ತವೆ, ಸಂಖ್ಯೆ ಹಾಕಿದರೆ ಒಂದೇ ಬರುತ್ತದೆ. ಜೊತೆಗೆ ಒಂದು ಹಾಳೆ, ಒಂದು ಪೆನ್ಸಿಲ್. ಚಿತ್ರವನ್ನು ನೋಡಿ ಸುಮ್ನೆ ಗೀಚಿಕೊಳ್ಳಿ, ಅಂದ ಮುಖ್ಯವಲ್ಲ. ಕೈ ಬರೆಯುವಾಗ ಕಣ್ಣು ಬಿಟ್ಟದ್ದೆಲ್ಲ ಸಿಗುತ್ತದೆ.

1. ಬಟ್ಟಲನ್ನು ಪೂರ್ತಿ ತಿರುಗಿಸಿ ನೋಡಿ

ಮೊದಲ ತಪ್ಪು ಆಗುವುದು ಇಲ್ಲೇ. ಪುಸ್ತಕಗಳಲ್ಲಿ, ಪೋಸ್ಟ್‌ಕಾರ್ಡುಗಳಲ್ಲಿ ಟಾಂಡೊ ಒಂದನ್ನೇ ಕತ್ತರಿಸಿ ಹಾಕಿರುತ್ತಾರೆ. ಅದನ್ನೇ ಗೋಡೆಯ ಮೇಲಿನ ಪಟದ ಹಾಗೆ ನೋಡಿ ಮುಗಿಸಿಬಿಡುತ್ತೇವೆ. ಹೊರಗಿನ ಎರಡು ಬದಿಯ ಫೋಟೊ ಸಿಗುವವರೆಗೂ ಕಥೆ ಇಂಥದ್ದು ಎಂದು ತೀರ್ಮಾನಿಸಬೇಡಿ. ಸಾಧ್ಯವಾದರೆ ಪಾದದ ಅಂಚಿನ ಫೋಟೊ ಕೂಡ ಹುಡುಕಿ. ಕೆಲವು ಕುಂಬಾರರು ಅಲ್ಲೇ ಸಹಿ ಹಾಕುತ್ತಿದ್ದರು.

2. ಕಪ್ಪು ಆಕೃತಿಯೋ, ಕೆಂಪು ಆಕೃತಿಯೋ?

ಹಳೆಯ ಪದ್ಧತಿಯಲ್ಲಿ ಮನುಷ್ಯರ ಆಕೃತಿ ಕಪ್ಪು, ಹಿನ್ನೆಲೆ ಕೆಂಪು ಮಣ್ಣಿನ ಬಣ್ಣ. ಕಣ್ಣು, ಸ್ನಾಯು, ಬಟ್ಟೆಯ ಮಡಿಕೆಗಳನ್ನು ಚೂಪಾದ ಮೊನೆಯಿಂದ ಕೆರೆದು ತೋರಿಸುತ್ತಿದ್ದರು. ಕ್ರಿ.ಪೂ. 525ರ ಆಸುಪಾಸಿನಲ್ಲಿ ಅಥೆನ್ಸಿನವರು ಇದನ್ನು ತಿರುಗುಮುರುಗು ಮಾಡಿದರು. ಹಿನ್ನೆಲೆಗೆ ಕಪ್ಪು, ಆಕೃತಿಗೆ ಮಣ್ಣಿನ ಕೆಂಪು. ಒಳಗಿನ ಗೆರೆಗಳನ್ನು ಕೆರೆಯುವ ಬದಲು ಬರೆಯತೊಡಗಿದರು. ಬೆರಳಿನ ಗೆಣ್ಣು, ಕಣ್ರೆಪ್ಪೆ, ಹೊಟ್ಟೆಯ ಸ್ನಾಯು ಎಲ್ಲ ನವಿರಾಗಿ ಬರತೊಡಗಿದ್ದು ಆಗಲೇ.

ಕಪ್ಪು ಅಂದರೆ ಬೇರೆ ಬಣ್ಣ ತಂದು ಬಳಿದದ್ದಲ್ಲ. ಅದೂ ಮಣ್ಣೇ. ಕಬ್ಬಿಣದ ಅಂಶವಿರುವ ಮಣ್ಣನ್ನು ನೀರಲ್ಲಿ ಕಲಸಿ, ತೀರಾ ನುಣುಪಾದ ಭಾಗವನ್ನು ಮಾತ್ರ ತೆಗೆದು ಬಳಿಯುತ್ತಿದ್ದರು. ಆವಿಗೆಯಲ್ಲಿ ಮೊದಲು ಗಾಳಿ ಆಡಲು ಬಿಟ್ಟು, ಆಮೇಲೆ ಗಾಳಿ ತಡೆದು, ಕೊನೆಗೆ ಮತ್ತೆ ಗಾಳಿ ಬಿಟ್ಟು ಸುಡುತ್ತಿದ್ದರು. ಗಾಳಿ ತಡೆದಾಗ ಇಡೀ ಬಟ್ಟಲು ಕಪ್ಪಾಗುತ್ತದೆ. ಮತ್ತೆ ಗಾಳಿ ಬಿಟ್ಟಾಗ ಬರೀ ಮಣ್ಣಿನ ಭಾಗ ಕೆಂಪಿಗೆ ತಿರುಗುತ್ತದೆ, ನುಣುಪು ಮಣ್ಣು ಬಳಿದ ಭಾಗ ಬಿಗಿದುಕೊಂಡು ಕಪ್ಪಾಗಿಯೇ ಉಳಿಯುತ್ತದೆ.

ಗುರುತಿಸುವ ಕೆಲಸಕ್ಕೆ ಇದು ಯಾಕೆ ಬೇಕು ಅಂದರೆ, ಕಪ್ಪು ಆಕೃತಿಯ ಬಟ್ಟಲುಗಳಲ್ಲಿ ಹೆಂಗಸರ ಮೈಗೆ ಸಾಮಾನ್ಯವಾಗಿ ಬಿಳಿ ಬಳಿಯುತ್ತಿದ್ದರು. ಹೆಂಗಸೋ ಗಂಡಸೋ ಅನ್ನುವುದು ಮೈಬಣ್ಣದಲ್ಲೇ ಗೊತ್ತಾಗುತ್ತಿತ್ತು. ಆದರೆ ಈ ಬಿಳಿ ಸುಲಭವಾಗಿ ಉದುರುತ್ತದೆ. ಉದುರಿದ ಮೇಲೆ ಅಮೆಜಾನ್ ಯೋಧೆ (ಪುರಾಣದ ಹೆಂಗಸರ ಪಡೆಯವಳು) ಗಂಡಸಿನ ಹಾಗೆ ಕಾಣಬಹುದು, ಹುಷಾರು. ಕೆಂಪು ಆಕೃತಿಯಲ್ಲಿ ಈ ಸುಳಿವೇ ಇಲ್ಲ. ಅಲ್ಲಿ ಗಡ್ಡ, ತಲೆಗೂದಲು, ಉಡುಪು ನೋಡಬೇಕು.

3. ಕೈಯಲ್ಲಿ ಏನಿದೆ, ತಲೆ ಮೇಲೆ ಏನಿದೆ?

ಗುರುತಿಸುವ ಕೆಲಸದ ಮುಕ್ಕಾಲು ಪಾಲು ಇದೇ. ನಮಗೆ ಇದು ಹೊಸದೇನಲ್ಲ. ಹಳೇಬೀಡಿನ ಗೋಡೆಯ ಮುಂದೆ ನಿಂತು ಶಂಖ ಚಕ್ರ ಕಂಡರೆ ವಿಷ್ಣು ಅನ್ನುತ್ತೇವೆ, ಮುಖ ನೋಡಿ ಅಲ್ಲ. ಗ್ರೀಕ್ ಬಟ್ಟಲಿನಲ್ಲೂ ಮುಖ ನೋಡಿ ಪ್ರಯೋಜನವಿಲ್ಲ, ಎಲ್ಲರ ಮುಖವೂ ಹೆಚ್ಚುಕಮ್ಮಿ ಒಂದೇ.

ಮೊದಲು ಮಹಾಬಲಶಾಲಿ ವೀರ ಹೆರಾಕ್ಲಿಸ್‌ನನ್ನು ಕಲಿಯಿರಿ, ಯಾಕೆಂದರೆ ಅವನೇ ಜಾಸ್ತಿ ಸಿಗುವವನು. ಸಿಂಹದ ಚರ್ಮ ಹೊದ್ದಿರುತ್ತಾನೆ. ಸಿಂಹದ ತಲೆಯೇ ಅವನ ಟೋಪಿ, ಅದರ ಬಾಯೊಳಗಿಂದ ಇವನ ಮುಖ ಕಾಣುತ್ತದೆ. ಮುಂಗಾಲುಗಳನ್ನು ಕುತ್ತಿಗೆಯ ಹತ್ತಿರ ಗಂಟು ಹಾಕಿಕೊಂಡಿರುತ್ತಾನೆ. ಕೈಯಲ್ಲಿ ದೊಣ್ಣೆ ಅಥವಾ ಬಿಲ್ಲು. ಅವನ ಪಕ್ಕದಲ್ಲೇ ದೇವತೆ ಅಥೀನಾ ಇದ್ದಾಳೇನೋ ಹುಡುಕಿ. ಶಿರಸ್ತ್ರಾಣ, ಈಟಿ, ಎದೆಯ ಮೇಲೆ ಹಾವಿನ ಅಂಚಿರುವ ಹೊದಿಕೆ, ಅದೇ ಅವಳ ಗುರುತು. ಆ ಹೊದಿಕೆಗೆ ಈಜಿಸ್ ಅಂತ ಹೆಸರು. ಕಷ್ಟದಲ್ಲಿರುವ ವೀರರ ಬೆನ್ನಿಗೆ ನಿಲ್ಲುವವಳು ಅವಳು.

ಅಥೆನ್ಸಿನ ವೀರ ಥೀಸಿಯಸ್ ಹುಡುಗ. ಗಡ್ಡ ಇರುವುದಿಲ್ಲ, ಕೈಯಲ್ಲಿ ಕತ್ತಿ. ಗೂಳಿಯ ತಲೆ, ಮನುಷ್ಯನ ಮೈ ಇರುವ ಮಿನೊಟಾರ್ ಜೊತೆಗಿದ್ದರೆ ಅನುಮಾನವೇ ಬೇಡ. ಹರ್ಮೀಸ್ ದೂತ. ರೆಕ್ಕೆಯ ಪಾದರಕ್ಷೆ, ಅಗಲ ಅಂಚಿನ ಪ್ರಯಾಣದ ಟೋಪಿ, ತುದಿ ಸುರುಳಿಯಾದ ಕೋಲು. ಪರ್ಸಿಯಸ್‌ಗೂ ರೆಕ್ಕೆಯ ಪಾದರಕ್ಷೆ ಇರುತ್ತದೆ, ಆದರೆ ಅವನ ಹೆಗಲಲ್ಲಿ ಒಂದು ಚೀಲ, ಕೈಯಲ್ಲಿ ಕುಡುಗೋಲಿನಂಥ ಕತ್ತಿ ಇರುತ್ತದೆ. ನೋಡಿದವರನ್ನು ಕಲ್ಲಾಗಿಸುವ ಗೊರ್ಗನ್ ರಾಕ್ಷಸಿ ಮೆಡೂಸಾಳನ್ನು ಕೊಲ್ಲುವಾಗ ಅವನು ಮುಖ ಅತ್ತ ತಿರುಗಿಸಿರುತ್ತಾನೆ. ಅವಳು ಮಾತ್ರ ನೇರವಾಗಿ ನಿಮ್ಮನ್ನೇ ನೋಡುತ್ತಾಳೆ. ಈ ಬಟ್ಟಲುಗಳಲ್ಲಿ ಬಹುತೇಕ ಎಲ್ಲ ಮುಖಗಳೂ ಪಕ್ಕಕ್ಕೆ ತಿರುಗಿರುತ್ತವೆ. ಹಾಗಾಗಿ ಎದುರು ಮುಖ ಕಂಡ ಕೂಡಲೇ ನಿಲ್ಲಿ. ಗೊರ್ಗನ್ ಆಗಿರಬಹುದು, ಸಾಯುತ್ತಿರುವವನಿರಬಹುದು, ಕುಡಿದ ಸ್ಯಾಟಿರ್ ಇರಬಹುದು. ಸ್ಯಾಟಿರ್ ಅಂದರೆ ಕುದುರೆಯ ಬಾಲ, ಕುದುರೆಯ ಕಿವಿ ಇರುವ ಅರೆ ಮನುಷ್ಯ, ಡಯೊನೈಸಸ್‌ನ ಹಿಂಬಾಲಕ. ಡಯೊನೈಸಸ್ ವೈನಿನ ದೇವರು. ತಲೆಗೆ ಐವಿ ಬಳ್ಳಿ, ಕೈಯಲ್ಲಿ ದ್ರಾಕ್ಷಿ ಬಳ್ಳಿ ಅಥವಾ ಎತ್ತರ ಹಿಡಿಕೆಯ ಪಾನಪಾತ್ರೆ.

ಇಲ್ಲಿ ಮೂರು ಕಡೆ ಎಡವುತ್ತಾರೆ.

ತ್ರಿಶೂಲ ಕಂಡ ಕೂಡಲೇ ನಮ್ಮ ಮನಸ್ಸು ಶಿವನ ಕಡೆ ಓಡುತ್ತದೆ, ಸಹಜ. ಇಲ್ಲಿ ಅದು ಪೊಸೈಡನ್, ಸಮುದ್ರದ ದೇವರು. ಅದು ಮೀನು ಚುಚ್ಚುವ ಈಟಿ.

ಗುರಾಣಿಯ ಮೇಲಿನ ಪ್ರಾಣಿ ಅಥವಾ ಗೊರ್ಗನ್ ಮುಖ ನೋಡಿ ಹೆಸರು ಹೇಳಬೇಡಿ. ಅದು ಬರೀ ಅಲಂಕಾರ ಇರಬಹುದು, ಯಾವ ಯೋಧನ ಗುರಾಣಿಯ ಮೇಲೂ ಬರಬಹುದು.

ರೆಕ್ಕೆಯ ಹೆಂಗಸರೆಲ್ಲ ಒಬ್ಬಳೇ ಅಲ್ಲ. ವಿಜಯದ ದೇವತೆ ನೈಕೀ, ದೂತಿ ಐರಿಸ್, ಉಷೆಯ ದೇವತೆ ಈಯೋಸ್, ಎಲ್ಲರಿಗೂ ರೆಕ್ಕೆ ಇದೆ. ಲೂವ್ರ್‌ನಲ್ಲಿರುವ ಜಿ 115 ಬಟ್ಟಲಿನಲ್ಲಿ ರೆಕ್ಕೆಯ ಹೆಂಗಸೊಬ್ಬಳು ಸತ್ತ ಗಂಡಸಿನ ಮೈಯನ್ನು ಎತ್ತಿ ಹಿಡಿದಿದ್ದಾಳೆ. ಅವನ ಕೈಕಾಲು ಜೋತುಬಿದ್ದಿವೆ, ಅವಳು ಬಗ್ಗಿ ಅವನ ಮುಖ ನೋಡುತ್ತಿದ್ದಾಳೆ. ಏಸುವಿನ ದೇಹ ಹಿಡಿದ ಮೇರಿಯನ್ನು ನೋಡಿದವರಿಗೆ ತಟ್ಟನೆ ಅದೇ ನೆನಪಾಗುತ್ತದೆ. ಆದರೆ ಇದು ಏಸುವಿಗಿಂತ ಸುಮಾರು 480 ವರ್ಷ ಮೊದಲಿನದು. ಈಯೋಸ್, ಟ್ರಾಯ್‌ನಲ್ಲಿ ಅಕಿಲೀಸ್ ಕೈಯಲ್ಲಿ ಸತ್ತ ತನ್ನ ಮಗ ಮೆಮ್ನಾನ್‌ನನ್ನು ಎತ್ತಿಕೊಂಡು ಹೋಗುತ್ತಿದ್ದಾಳೆ. ಬರೆದವನು ಡೌರಿಸ್.

4. ಅಕ್ಷರಗಳನ್ನು ಬಿಡಬೇಡಿ

ಆಕೃತಿಗಳ ನಡುವೆ ಪುಟ್ಟ ಅಕ್ಷರಗಳಿರುತ್ತವೆ. ಫೋಟೊ ದೊಡ್ಡದು ಮಾಡಿ ನೋಡಿ. ಹೆಚ್ಚಾಗಿ ಅವು ಪಕ್ಕದಲ್ಲಿರುವವನ ಹೆಸರು, ಅವನ ಬಾಯಿ ಅಥವಾ ತಲೆಯ ಹತ್ತಿರದಿಂದ ಶುರುವಾಗುತ್ತವೆ. ಎಡದಿಂದ ಬಲಕ್ಕೂ ಇರಬಹುದು, ಬಲದಿಂದ ಎಡಕ್ಕೂ ಇರಬಹುದು. ಇಂದಿನ ಗ್ರೀಕ್ ಅಕ್ಷರಮಾಲೆಯನ್ನು ಪಕ್ಕದಲ್ಲಿ ಇಟ್ಟುಕೊಂಡರೂ ಕೆಲವು ಕಡೆ ಹೊಂದುವುದಿಲ್ಲ. ಅಥೆನ್ಸಿನ ಹಳೆಯ ಲಿಪಿಯಲ್ಲಿ 'ಲ' ಅಕ್ಷರ ಇಂಗ್ಲಿಷಿನ ಎಲ್‌ನಂತೆ ಕಾಣುತ್ತದೆ. ಒತ್ತಕ್ಷರ ಬರಬೇಕಾದ ಕಡೆ ಒಂದೇ ಅಕ್ಷರ ಬರೆದು ಬಿಟ್ಟಿರುತ್ತಾರೆ.

ನಾಲ್ಕು ಪದ ಗೊತ್ತಿದ್ದರೆ ತುಂಬ ದೂರ ಹೋಗಬಹುದು. 'ಎಪೊಯೆಸೆನ್' ಅಂದರೆ "ಮಾಡಿದನು", ಅದು ಕುಂಬಾರನ ಸಹಿ. 'ಎಗ್ರಾಪ್ಸೆನ್' ಅಂದರೆ "ಬರೆದನು", ಅದು ಚಿತ್ರಗಾರನ ಸಹಿ. 'ಖೈರೆ' ಅಂದರೆ ನಮಸ್ಕಾರ, ಸಂತೋಷವಾಗಿರು. ನಾಲ್ಕನೆಯದು 'ಕಲೋಸ್', ಅಂದರೆ "ಚೆಲುವ". ಎಲ್ಲರೂ ಮೋಸಹೋಗುವುದು ಈ ಪದದಿಂದ. "ಲೆಯಾಗ್ರೊಸ್ ಕಲೋಸ್" ಎಂದಿದ್ದರೆ ಚಿತ್ರದಲ್ಲಿರುವವನು ಲೆಯಾಗ್ರೊಸ್ ಅಂತಲ್ಲ. ಆ ಕಾಲದ ಅಥೆನ್ಸಿನ ಮನೆತನಸ್ಥ ಹುಡುಗನೊಬ್ಬನನ್ನು ಹೊಗಳಿದ ಮಾತು ಅದು, ಕಥೆಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಕೆಲವು ಬಟ್ಟಲುಗಳಲ್ಲಿ ಅಕ್ಷರಗಳು ಸಾಲಾಗಿ ಇರುತ್ತವೆ, ಅರ್ಥ ಮಾತ್ರ ಇರುವುದಿಲ್ಲ. ಬರಹದ ಹಾಗೆ ಕಾಣಲಿ ಎಂದು ತುಂಬಿದ ಅಕ್ಷರಗಳವು. ಅರ್ಥವಾಗಲಿಲ್ಲ ಎಂದು ನಿಮ್ಮನ್ನು ನೀವೇ ದೂರಿಕೊಳ್ಳಬೇಡಿ.

5. ಕಥೆಯ ಯಾವ ಗಳಿಗೆ?

ಯಾರು ಎಂದು ಗೊತ್ತಾದ ಮೇಲೆ ಹೆಚ್ಚಿನವರು ನಿಲ್ಲಿಸಿಬಿಡುತ್ತಾರೆ. ನಿಜವಾದ ಸಂತೋಷ ಶುರುವಾಗುವುದು ಇಲ್ಲಿಂದ. ಚಿತ್ರಗಾರನಿಗೆ ಸಿಕ್ಕಿದ್ದು ಅಂಗೈ ಅಗಲದ ಒಂದು ವೃತ್ತ. ಉದ್ದದ ಕಥೆಯಲ್ಲಿ ಅವನು ಒಂದೇ ಗಳಿಗೆಯನ್ನು ಆರಿಸಬೇಕು. ಯಾವುದನ್ನು ಆರಿಸಿದ, ಯಾಕೆ ಎಂದು ಕೇಳಿಕೊಳ್ಳಿ.

ಬರ್ಲಿನ್ನಿನಲ್ಲಿರುವ ಸೊಸಿಯಾಸ್ ಬಟ್ಟಲನ್ನು ತೆಗೆಯಿರಿ. ಸಂಖ್ಯೆ ಎಫ್ 2278, ಕಾಲ ಸುಮಾರು ಕ್ರಿ.ಪೂ. 500. ಸೊಸಿಯಾಸ್ ಎಂಬುದು ಸಹಿ ಹಾಕಿದ ಕುಂಬಾರನ ಹೆಸರು. ಟಾಂಡೊದಲ್ಲಿ ಇಬ್ಬರು ಯೋಧರಿದ್ದಾರೆ, ಪಕ್ಕದಲ್ಲಿ ಹೆಸರಿದೆ: ಅಕಿಲೀಸ್, ಪ್ಯಾಟ್ರೊಕ್ಲಸ್. ಪ್ಯಾಟ್ರೊಕ್ಲಸ್‌ನ ತೋಳಿಗೆ ಬಾಣ ನಾಟಿತ್ತು. ಈಗ ಅದನ್ನು ಕಿತ್ತಾಗಿದೆ, ಬಾಣ ಚಿತ್ರದ ಅಂಚಿನಲ್ಲಿ ಕಾಣುತ್ತದೆ. ಅಕಿಲೀಸ್ ಮಂಡಿಯೂರಿ ಕೂತು ಗೆಳೆಯನ ತೋಳಿಗೆ ಬಿಳಿ ಪಟ್ಟಿ ಸುತ್ತುತ್ತಿದ್ದಾನೆ.

ಈಗ ಹತ್ತಿರ ಹೋಗಿ. ಪ್ಯಾಟ್ರೊಕ್ಲಸ್ ಗಾಯ ನೋಡುತ್ತಿಲ್ಲ, ಮುಖ ಆಚೆ ತಿರುಗಿಸಿದ್ದಾನೆ. ತುಟಿ ತೆರೆದಿದೆ, ಕಚ್ಚಿದ ಹಲ್ಲುಗಳನ್ನು ಚಿತ್ರಗಾರ ಬಿಳಿ ಬಣ್ಣದಲ್ಲಿ ಬರೆದಿದ್ದಾನೆ. ಪ್ಯಾಟ್ರೊಕ್ಲಸ್ ಒಂದು ಕಾಲನ್ನು ಚಾಚಿ ವೃತ್ತದ ಅಂಚಿಗೆ ಒದ್ದು ಹಿಡಿದಿದ್ದಾನೆ, ನೋವು ತಡೆಯಲು ನಾವು ಗೋಡೆಗೆ ಕಾಲು ಒತ್ತುತ್ತೇವಲ್ಲ, ಹಾಗೆ. ಅಕಿಲೀಸ್‌ಗೆ ಗಡ್ಡವಿಲ್ಲ, ಪ್ಯಾಟ್ರೊಕ್ಲಸ್‌ಗೆ ಇದೆ, ಅಂದರೆ ಗಾಯಗೊಂಡವನೇ ವಯಸ್ಸಿನಲ್ಲಿ ದೊಡ್ಡವನು. ಅಕಿಲೀಸ್‌ನ ಕಣ್ಣು ಪಟ್ಟಿಯ ಮೇಲಿದೆ. ಟ್ರಾಯ್ ಯುದ್ಧದ ಅತಿ ದೊಡ್ಡ ವೀರ ಇಲ್ಲಿ ಯಾರನ್ನೂ ಕೊಲ್ಲುತ್ತಿಲ್ಲ, ಬಟ್ಟೆ ಸುತ್ತುತ್ತಿದ್ದಾನೆ. ಮುಂದೆ ಪ್ಯಾಟ್ರೊಕ್ಲಸ್ ಸಾಯುತ್ತಾನೆ, ಆ ಸಾವಿನಿಂದ ಅಕಿಲೀಸ್ ಹುಚ್ಚನಾಗುತ್ತಾನೆ ಎಂದು ಈ ಬಟ್ಟಲಲ್ಲಿ ಕುಡಿಯುವವನಿಗೆ ಗೊತ್ತಿತ್ತು. ನಾನು ಈ ಹಲ್ಲುಗಳನ್ನು ನೋಡಿದಾಗಲೆಲ್ಲ ಅವನ ಉಸಿರು ಕೇಳಿಸಿದಂತೆ ಆಗುತ್ತದೆ.

ನಿಮ್ಮ ಹಾಳೆಯಲ್ಲಿ ಮೂರು ಪ್ರಶ್ನೆ ಬರೆದುಕೊಳ್ಳಿ. ಯಾರು ಯಾರನ್ನು ನೋಡುತ್ತಿದ್ದಾರೆ? ಕೈ ಎಲ್ಲಿ ತಾಗಿದೆ? ಅಂಚಿಗೆ ಏನು ತಾಗಿದೆ? ಈ ಮೂರಕ್ಕೆ ಉತ್ತರ ಸಿಕ್ಕರೆ ಗಳಿಗೆ ಸಿಕ್ಕಿತು.

6. ಪುಸ್ತಕದ ಕಥೆಗೆ ಚಿತ್ರವನ್ನು ಎಳೆದು ಹೊಂದಿಸಬೇಡಿ

ಮೇಲಿನ ದೃಶ್ಯವನ್ನು ಟ್ರಾಯ್ ಯುದ್ಧದ ಬಗ್ಗೆ ಹೋಮರ್ ಕವಿಯ ಕಾವ್ಯವಾದ ಇಲಿಯಡ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಅಲ್ಲಿ ಪ್ಯಾಟ್ರೊಕ್ಲಸ್ ಬೇರೊಬ್ಬನ ಗಾಯಕ್ಕೆ ಮದ್ದು ಮಾಡುತ್ತಾನೆ, ಯೂರಿಪೈಲಸ್ ಎಂಬವನಿಗೆ. ಅಕಿಲೀಸ್ ಪ್ಯಾಟ್ರೊಕ್ಲಸ್‌ಗೆ ಪಟ್ಟಿ ಕಟ್ಟುವ ಪ್ರಸಂಗ ಅಲ್ಲಿಲ್ಲ. ಹಾಗಂತ ಚಿತ್ರಗಾರ ತಪ್ಪು ಮಾಡಿದ ಅನ್ನಬಾರದು. ಬಾಯಿಂದ ಬಾಯಿಗೆ ಬಂದ ಕಥೆಗಳು, ಈಗ ಕಳೆದುಹೋದ ಕಾವ್ಯಗಳು ಆಗ ಎಷ್ಟೋ ಇದ್ದವು.

ಇನ್ನೂ ದೊಡ್ಡ ಉದಾಹರಣೆ ವ್ಯಾಟಿಕನ್ ಮ್ಯೂಸಿಯಂನಲ್ಲಿದೆ. ಕ್ರಿ.ಪೂ. 480–470ರ ಸುಮಾರಿನ ಬಟ್ಟಲು, ಇದೂ ಡೌರಿಸ್‌ನದೇ. ಒಂದು ಭಾರೀ ಹಾವು ಬಾಯಿ ತೆರೆದಿದೆ. ಅದರ ಬಾಯಿಂದ ಗಡ್ಡದ ಗಂಡಸೊಬ್ಬ ಸೊಂಟದವರೆಗೆ ಹೊರಗೆ ಜೋತುಬಿದ್ದಿದ್ದಾನೆ, ಮೈಯಲ್ಲಿ ತ್ರಾಣವೇ ಇಲ್ಲ. ಹಿಂದೆ ಮರಕ್ಕೆ ಟಗರಿನ ತೊಗಲು ನೇತುಹಾಕಿದೆ. ಎದುರಿಗೆ ಅಥೀನಾ ಈಟಿ ಹಿಡಿದು, ಕೈಯಲ್ಲಿ ಗೂಬೆ ಇಟ್ಟುಕೊಂಡು ನಿಂತಿದ್ದಾಳೆ. ಗಂಡಸಿನ ಪಕ್ಕದಲ್ಲಿ ಹೆಸರಿದೆ: ಜೇಸನ್.

ಜೇಸನ್ ಟಗರಿನ ಚಿನ್ನದ ತುಪ್ಪಳ ತಂದ ಕಥೆ ನಿಮಗೆ ಗೊತ್ತಿರಬಹುದು. ನಾವು ಓದುವ ಕಥೆಯಲ್ಲಿ ಮೀಡಿಯಾ ಎಂಬ ರಾಜಕುಮಾರಿ ಮಂತ್ರ, ಮದ್ದು ಹಾಕಿ ಹಾವನ್ನು ಮಲಗಿಸುತ್ತಾಳೆ, ಜೇಸನ್ ತುಪ್ಪಳ ಎತ್ತಿಕೊಂಡು ಓಡುತ್ತಾನೆ. ಹಾವು ಅವನನ್ನು ನುಂಗಿ ಕಕ್ಕಿತು ಎನ್ನುವ ಕಥೆ ಉಳಿದಿರುವ ಯಾವ ಗ್ರಂಥದಲ್ಲೂ ಇಲ್ಲ. ಹೆಸರು ಬರೆಯದೇ ಹೋಗಿದ್ದರೆ ಯಾರೂ ಇವನನ್ನು ಜೇಸನ್ ಎಂದು ಖಚಿತವಾಗಿ ಹೇಳಲು ಆಗುತ್ತಿರಲಿಲ್ಲ. ಗ್ರಂಥಗಳಲ್ಲಿ ಕಳೆದುಹೋದ ಒಂದು ಇಡೀ ಕಥೆ ಬಟ್ಟಲಿನ ತಳದಲ್ಲಿ ಬದುಕಿ ಉಳಿದಿದೆ. ಅದಕ್ಕೇ ಪುಸ್ತಕವನ್ನು ಬದಿಗಿಟ್ಟು ಮೊದಲು ಚಿತ್ರವನ್ನು ನಂಬಿ ಅನ್ನುವುದು.

ಹೆಸರೂ ಇಲ್ಲ, ಗುರುತಿನ ವಸ್ತುವೂ ಇಲ್ಲ ಎಂದಾದರೆ "ಒಬ್ಬ ಯೋಧ" ಎಂದೇ ಬರೆದುಕೊಳ್ಳಿ. ಮ್ಯೂಸಿಯಂನವರೇ ಎಷ್ಟೋ ಕಡೆ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿರುತ್ತಾರೆ. ಅದನ್ನು ಬಿಟ್ಟು ನಕಲು ಮಾಡಬೇಡಿ.

7. ಬಟ್ಟಲಿಗೆ ವೈನ್ ತುಂಬಿಸಿ, ಮನಸ್ಸಿನಲ್ಲೇ

ಈ ಬಟ್ಟಲುಗಳು ಸಿಂಪೋಸಿಯಂಗೆ ಬಳಕೆಯಾಗುತ್ತಿದ್ದವು. ಅಂದರೆ ಗಂಡಸರ ಪಾನಗೋಷ್ಠಿ. ಎಡ ಮೊಣಕೈ ಊರಿ ಮಂಚದ ಮೇಲೆ ಒರಗಿಕೊಂಡು, ನೀರು ಬೆರೆಸಿದ ವೈನ್ ಕುಡಿಯುತ್ತ, ಹಾಡುತ್ತ, ಮಾತಾಡುತ್ತ ಕೂರುವುದು. ಒಬ್ಬ ಬಟ್ಟಲು ಎತ್ತಿದಾಗ ಹೊರಮೈ ಕಾಣುವುದು ಎದುರಿನವರಿಗೆ. ಟಾಂಡೊ ಕಾಣುವುದು ಕುಡಿಯುವವನಿಗೆ ಮಾತ್ರ, ಅದೂ ವೈನ್ ಕಡಿಮೆಯಾಗುತ್ತ ಬಂದ ಹಾಗೆ.

ಇದನ್ನು ಮನಸ್ಸಲ್ಲಿಟ್ಟುಕೊಂಡು ಮ್ಯೂನಿಕ್ಕಿನಲ್ಲಿರುವ, ಎಕ್ಸೆಕಿಯಾಸ್ ಎಂಬ ಕಲಾವಿದನ ಬಟ್ಟಲು ನೋಡಿ, ಸಂಖ್ಯೆ 2044, ಸುಮಾರು ಕ್ರಿ.ಪೂ. 530ರದು. ಅಡ್ಡಗಲ 30.5 ಸೆಂಟಿಮೀಟರ್, ನಮ್ಮ ಊಟದ ತಟ್ಟೆಯಷ್ಟು. ಹೊರಗೆ ಎರಡು ಬದಿಗೂ ದೊಡ್ಡ ದೊಡ್ಡ ಕಣ್ಣುಗಳಿವೆ. ಕುಡಿಯಲು ಎತ್ತಿದರೆ ಕಣ್ಣು ಎದುರಿನವರನ್ನು ದಿಟ್ಟಿಸುತ್ತವೆ, ಹಿಡಿಕೆಗಳು ಕಿವಿಯಾಗುತ್ತವೆ, ಪಾದದ ಕೆಳಭಾಗ ಬಾಯಿಯಾಗುತ್ತದೆ. ಕುಡಿಯುವವನಿಗೆ ಒಂದು ಮುಖವಾಡ ಬಂದುಬಿಡುತ್ತದೆ. ಹಿಡಿಕೆಗಳ ಹತ್ತಿರ ಮಾತ್ರ, ಸತ್ತು ಬಿದ್ದವನ ಮೈಗಾಗಿ ಯೋಧರು ಹೊಡೆದಾಡುತ್ತಿದ್ದಾರೆ. ಬೆರಳು ಹಿಡಿಯುವ ಜಾಗದಲ್ಲೇ ಸಾವು.

ಒಳಗೆ ಬೇರೆಯದೇ ಲೋಕ. ಹಿನ್ನೆಲೆ ಇಡೀ ಹವಳದಂಥ ಕೆಂಪು. ಬಿಳಿ ಹಾಯಿಯ ಒಂದು ಹಡಗು. ಡಯೊನೈಸಸ್ ಒಬ್ಬನೇ ಅದರಲ್ಲಿ ಒರಗಿ ಕೂತಿದ್ದಾನೆ, ಕೈಯಲ್ಲಿ ಕುಡಿಯುವ ಕೊಂಬು. ಹಡಗಿನ ಕಂಬಕ್ಕೆ ದ್ರಾಕ್ಷಿ ಬಳ್ಳಿ ಹಬ್ಬಿ ಮೇಲೆ ಗೊಂಚಲು ಬಿಟ್ಟಿದೆ. ಸುತ್ತ ಡಾಲ್ಫಿನ್‌ಗಳು. ಗೊಂಚಲು ಏಳು, ಡಾಲ್ಫಿನ್ ಏಳು, ನೀವೇ ಎಣಿಸಿ. ಕಥೆ ಹೀಗಿದೆ: ಕಡಲ್ಗಳ್ಳರು ಯಾರೋ ರಾಜಕುಮಾರ ಎಂದುಕೊಂಡು ದೇವರನ್ನೇ ಹಿಡಿದು ಹಡಗಿಗೆ ಹಾಕಿದರು. ಹಡಗಿನಲ್ಲಿ ವೈನ್ ಹರಿಯಿತು, ಕಂಬಕ್ಕೆ ಬಳ್ಳಿ ಹಬ್ಬಿತು. ಹೆದರಿ ನೀರಿಗೆ ಹಾರಿದವರು ಡಾಲ್ಫಿನ್‌ಗಳಾದರು. ಚಿತ್ರದಲ್ಲಿ ಕಳ್ಳರೂ ಇಲ್ಲ, ಗದ್ದಲವೂ ಇಲ್ಲ. ಎಲ್ಲ ಮುಗಿದ ಮೇಲಿನ ನಿಶ್ಶಬ್ದ ಅದು.

ನೀರಿನ ಗೆರೆ ಕೂಡ ಇಲ್ಲ, ಗಮನಿಸಿದಿರಾ? ಸಮುದ್ರವನ್ನು ಅವನು ಬರೆದಿಲ್ಲ. ಬಟ್ಟಲಿಗೆ ವೈನ್ ಹುಯ್ದಾಗ ಸಮುದ್ರ ತಾನೇ ಬರುತ್ತದೆ. ಹೋಮರ್ ಸಮುದ್ರವನ್ನು ಮತ್ತೆ ಮತ್ತೆ ವೈನಿನ ಬಣ್ಣದ್ದು ಎಂದೇ ಕರೆದಿದ್ದಾನೆ. ಒರಗಿ ಕುಡಿಯುತ್ತಿರುವವನು ಕೊನೆಯ ಗುಟುಕು ಹೀರುವಾಗ, ತಳದಲ್ಲಿ ತನ್ನ ಹಾಗೇ ಒರಗಿ ಕೂತ ದೇವರನ್ನು ನೋಡುತ್ತಾನೆ.

8. ಒಡಕು, ರಿಪೇರಿ ಮತ್ತು ಚೀಟಿ

ಇದು ಚಿಕ್ಕ ಹಂತ, ಆದರೂ ಬಿಡಬೇಡಿ. ಈ ಬಟ್ಟಲುಗಳಲ್ಲಿ ಬಹಳಷ್ಟು ಸಿಕ್ಕಿದ್ದು ಗ್ರೀಸ್‌ನಲ್ಲಲ್ಲ, ಇಟಲಿಯ ಎಟ್ರಸ್ಕನ್ ಎಂಬ ಪ್ರಾಚೀನ ಜನರ ಸಮಾಧಿಗಳಲ್ಲಿ. ವುಲ್ಚಿ ಎಂಬ ಒಂದೇ ಜಾಗದಲ್ಲಿ 1828ರಿಂದ ಸಾವಿರಾರು ಪಾತ್ರೆಗಳು ಹೊರಬಂದವು. ಚೂರುಗಳನ್ನು ಅಂಟಿಸುವಾಗ 19ನೇ ಶತಮಾನದವರು ಹೋದ ಭಾಗಗಳನ್ನು ತಾವೇ ಬರೆದು ತುಂಬಿದ್ದುಂಟು. ಒಂದು ಕೈ ಅಥವಾ ಮುಖ ಮಾತ್ರ ಬೇರೆ ಕೈಯ ಕೆಲಸದಂತೆ ಕಂಡರೆ ಮ್ಯೂಸಿಯಂನ ವಿವರಣೆ ಓದಿ. ಒಡಕಿನ ಎರಡೂ ಕಡೆ ಪುಟ್ಟ ತೂತು ಕಂಡರೆ ಅದು ಹಳೆಯ ಕಾಲದ್ದೇ ರಿಪೇರಿ ಇರಬಹುದು. ಲೋಹದ ಕೊಂಡಿ ಹಾಕಿ ಹೊಲಿಯುತ್ತಿದ್ದರು.

ಚೀಟಿಯಲ್ಲಿ "ಕೊಡ್ರಸ್ ಪೇಂಟರ್" ಎಂದಿದ್ದರೆ ಅದು ಚಿತ್ರಗಾರನ ನಿಜವಾದ ಹೆಸರಲ್ಲ. ಸಹಿ ಇಲ್ಲದ ಚಿತ್ರಗಾರರನ್ನು ಕೈಬರಹ ಗುರುತಿಸಿದ ಹಾಗೆ, ಕಿವಿ, ಕಣಕಾಲು ಬರೆಯುವ ರೀತಿಯಿಂದ ಗುರುತಿಸಿ ಹೆಸರಿಟ್ಟವರು ಆಕ್ಸ್‌ಫರ್ಡಿನ ಜಾನ್ ಬೀಜ್ಲಿ (1885–1970). ಕೊಡ್ರಸ್ ಎಂಬ ರಾಜನ ಚಿತ್ರವಿರುವ ಬಟ್ಟಲು ಬರೆದವನು ಎಂಬುದಷ್ಟೇ ಅದರ ಅರ್ಥ.

ಈಗ ನೀವೇ ಒಂದು ಓದಿ

ಅದೇ ಕೊಡ್ರಸ್ ಪೇಂಟರ್‌ನ ಬಟ್ಟಲೊಂದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ಸಂಖ್ಯೆ ಇ 84, ಕ್ರಿ.ಪೂ. 440–430ರದು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದು ಸಿಗಲಾರದು, ಯಾಕೆಂದರೆ ಇದರ ತುಂಬ ಇರುವವನು ಒಬ್ಬನೇ, ಗಡ್ಡ ಬರದ ಆ ಹುಡುಗ. ಒಳಗೆ ಟಾಂಡೊದ ಸುತ್ತ ಅವನ ಆರು ಸಾಹಸಗಳಿವೆ, ಹೊರಗೆ ಅವೇ ಸಾಹಸಗಳು ಇನ್ನೊಮ್ಮೆ ಬರುತ್ತವೆ. ಮೊದಲು ಪ್ರಾಣಿಗಳನ್ನು ಹುಡುಕಿ: ಒಂದು ಗೂಳಿ, ಒಂದು ಹೆಣ್ಣು ಹಂದಿ. ಆಮೇಲೆ ವಸ್ತುಗಳು: ಒಂದು ಮರ, ಒಂದು ಮಂಚ. ಮಂಚದವನು ಪ್ರೊಕ್ರಸ್ಟೀಸ್, ದಾರಿಹೋಕರನ್ನು ಮಂಚದ ಅಳತೆಗೆ ಎಳೆದು, ಕತ್ತರಿಸಿ ಹೊಂದಿಸುತ್ತಿದ್ದವನು. ಮರದವನು ಸಿನಿಸ್, ಪೈನ್ ಮರ ಬಗ್ಗಿಸಿ ಜನರನ್ನು ಅದಕ್ಕೆ ಕಟ್ಟಿ ಸೀಳುತ್ತಿದ್ದವನು. ಉಳಿದವನ್ನು ನೀವೇ ಗುರುತಿಸಿ. ಒಳಗಿನ ಪ್ರತಿ ಸಾಹಸವನ್ನೂ ಹೊರಗಿನ ಅದರ ಜೋಡಿಯ ಪಕ್ಕಕ್ಕಿಟ್ಟು ಏನು ಬದಲಾಗಿದೆ ಎಂದು ಹಾಳೆಯಲ್ಲಿ ಬರೆದುಕೊಳ್ಳಿ.

ನಡುವಿನ ಟಾಂಡೊವನ್ನು ಕೊನೆಗೆ ನೋಡಿ. ಥೀಸಿಯಸ್ ಚಕ್ರವ್ಯೂಹದಂಥ ಕಟ್ಟಡದ ಬಾಗಿಲಿನಿಂದ ಸತ್ತ ಮಿನೊಟಾರ್‌ನನ್ನು ಹೊರಗೆ ಎಳೆಯುತ್ತಿದ್ದಾನೆ. ಮಿನೊಟಾರ್‌ನ ಮೈ ಎಷ್ಟು ಹೊರಗೆ ಬಂದಿದೆ, ಎಷ್ಟು ಇನ್ನೂ ಬಾಗಿಲ ಒಳಗಿದೆ ಎಂದು ಮೊದಲು ಗೀಚಿಕೊಳ್ಳಿ.